ಕಾಂಡೋರ್ 2: ಎರಡು ವರ್ಷ ಬಳಸಿದ ಮೇಲೆ, ಗ್ಲೈಡರ್ ಕಲಿಯುವವರಿಗಾಗಿ

ಹೊಸದಾಗಿ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಕಲಿಯುತ್ತಿರುವವರು ಕಾಂಡೋರ್ 2 ಅನ್ನುವ ಈ ಕಂಪ್ಯೂಟರ್ ಸಿಮ್ಯುಲೇಟರ್ ತಗೊಳ್ಳಬಹುದಾ ಅಂತ ಕೇಳಿದರೆ, ಧಾರಾಳವಾಗಿ ತಗೊಳ್ಳಿ ಅನ್ನುತ್ತೇನೆ. ಜೊತೆಗೆ ಕಾಲಿನ ಪೆಡಲ್ ಕೂಡ ತಗೊಳ್ಳಿ. ಅದಿಲ್ಲದಿದ್ದರೆ ಅರ್ಧ ಪಾಠವೂ ಆಗುವುದಿಲ್ಲ.

ನಮ್ಮೂರು ಅಕ್ಕಲಕೋಟೆ. ಕಲಿಯುವುದು ಪುಣೆಯ ಹಡಪ್ಸರ್‌ನಲ್ಲಿ, ಗ್ಲೈಡಿಂಗ್ ಸೆಂಟರ್‌ನಲ್ಲಿ. ಸೊಲ್ಲಾಪುರ ದಾಟಿ ಅಷ್ಟು ದೂರ ವಾರವಾರ ಹೋಗೋಕೆ ಆಗುತ್ತಾ? ಹೋದರೂ ನೆಲದ ಮೇಲಿನ ವಿಂಚ್ ಯಂತ್ರ ಹಗ್ಗದಿಂದ ಎಳೆದು ಮೇಲೇರಿಸಿದ ಮೇಲೆ ಥರ್ಮಲ್ (ಮೇಲೇಳುವ ಬಿಸಿಗಾಳಿ) ಸಿಗದಿದ್ದರೆ ಕೆಲವೇ ನಿಮಿಷಕ್ಕೆ ಮತ್ತೆ ನೆಲ. ಮುಂದಿನ ಸಲ ಹೋಗುವಷ್ಟರಲ್ಲಿ ಕೈಕಾಲಿಗೆ ರೂಢಿ ತಪ್ಪಿರುತ್ತದೆ. ಆ ಮಧ್ಯದ ದಿನಗಳಿಗೆ ನನಗೆ ಒದಗಿ ಬಂದದ್ದು ಈ ಸಿಮ್ಯುಲೇಟರ್. 2018ರಲ್ಲಿ ಬಂದದ್ದು, ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ.

ಜಾಸ್ತಿ ಲಾಭವಾದದ್ದು ತಿರುಗುವುದರಲ್ಲಿ. ಗ್ಲೈಡರ್ ರೆಕ್ಕೆ ಉದ್ದ. ಎಡಕ್ಕೆ ತಿರುಗಲು ಕೈಯಲ್ಲಿ ಹಿಡಿಯುವ ಸ್ಟಿಕ್ ಎಡಕ್ಕೆ ಹಾಕಿದರೆ ಬಲರೆಕ್ಕೆ ಮೇಲೇಳುತ್ತದೆ, ಜೊತೆಗೇ ಗಾಳಿ ಅದನ್ನು ಹಿಂದಕ್ಕೆ ಎಳೆಯುತ್ತದೆ. ಮೂತಿ ಬಲಕ್ಕೇ ಜಾರುತ್ತದೆ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ತಿಳಿಯಲು ಮುಂದಿನ ಗಾಜಿಗೆ ಅಂಟಿಸಿದ ಉಣ್ಣೆ ದಾರದ ತುದಿ ಬಲಕ್ಕೆ ಹೊರಳುತ್ತದೆ. ಆಗ ಬಾಲದ ರಡ್ಡರ್ ತಿರುಗಿಸುವ ಎಡ ಪೆಡಲ್ ಒತ್ತಬೇಕು. ದಾರದ ತುದಿ ಯಾವ ಕಡೆ ಹೋಯಿತೋ ಅದರ ಎದುರಿನ ಕಾಲು. ಬಾಯಲ್ಲಿ ಹೇಳೋದು ಸುಲಭ. ಕಾಲಿಗೆ ತಾನಾಗಿಯೇ ಬರಬೇಕಾದರೆ ಎರಡೂ ಕಡೆ ತಿರುಗಿ ತಿರುಗಿ ರೂಢಿಯಾಗಬೇಕು. ಈಚೆಗೆ ಹಡಪ್ಸರ್‌ನಲ್ಲಿ ಹಿಂದಿನ ಸೀಟಿನಿಂದ ಕಲಿಸುವ ಸರ್ "ರಡ್ಡರ್, ರಡ್ಡರ್" ಅನ್ನುವುದು ನಿಂತಿದೆ. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಥರ್ಮಲ್ ಒಳಹೊಕ್ಕಾಗ ಸೀಟು ಮೈಯನ್ನು ಮೇಲೆ ತಳ್ಳುತ್ತದಲ್ಲ, ಅದು ಯಾವ ಸಿಮ್ಯುಲೇಟರ್‌ನಲ್ಲೂ ಸಿಗದು. ಹಾಗಾಗಿ ಕಣ್ಣು ಮೀಟರ್‌ಗಳಿಗೇ ಅಂಟಿಕೊಳ್ಳುತ್ತದೆ. ಇದು ಒಳ್ಳೆಯ ಅಭ್ಯಾಸ ಅಲ್ಲ. ಆಕಾಶದಲ್ಲಿ ಬೇರೆಯವರೂ ಇರುತ್ತಾರೆ, ಕಣ್ಣು ಹೊರಗೇ ಇರಬೇಕು. ಅದಕ್ಕೆ ಹಳೆ ಕಾಲನಿರ್ಣಯ ಕ್ಯಾಲೆಂಡರಿನ ಹಾಳೆ ಹರಿದು ಮಾನಿಟರ್‌ನ ಕೆಳಭಾಗಕ್ಕೆ ಅಂಟಿಸಿದ್ದೇನೆ. ವೇಗ, ಎತ್ತರ ಎರಡೂ ಕಾಣುವುದಿಲ್ಲ. ಮೂತಿಗೂ ದಿಗಂತಕ್ಕೂ ಎಷ್ಟು ಅಂತರ, ಗಾಳಿಯ ಸದ್ದು ಏರಿತೋ ಇಳಿಯಿತೋ, ರನ್‌ವೇ ಯಾವ ಕೋನದಲ್ಲಿದೆ, ಇಷ್ಟನ್ನೇ ನೋಡಿಕೊಂಡು ಇಳಿಸುತ್ತೇನೆ.

ಸಿಮ್ಯುಲೇಟರ್ ಜೊತೆಗೆ ಬರುವ ನೆಲದ ಚಿತ್ರ ಯುರೋಪಿನ ಸ್ಲೊವೇನಿಯಾದ್ದು. ಬೆಟ್ಟ, ಕಣಿವೆ ಚೆನ್ನಾಗಿವೆ, ಆದರೆ ನಮ್ಮ ಬಯಲಿನಲ್ಲಿ ಥರ್ಮಲ್ ಎಲ್ಲಿ ಏಳುತ್ತದೆ ಅನ್ನೋದು ಅಲ್ಲಿ ಗೊತ್ತಾಗಲ್ಲ. ಅದನ್ನು ಊರಿನ ಹದ್ದುಗಳನ್ನು ನೋಡಿಯೇ ಕಲಿಯಬೇಕು. ಬೇಸಿಗೆ ಮಧ್ಯಾಹ್ನ ನೀರುಂಡ ಕಬ್ಬಿನ ಮೇಲೆ ಅವು ಸುತ್ತೋದು ಕಮ್ಮಿ. ನೇಗಿಲು ಹೊಡೆದು ಒಣಗಿದ ಎರೆ ಹೊಲದ ಮೇಲಾದರೆ ರೆಕ್ಕೆ ಬಡಿಯದೆ ಏರುತ್ತವೆ. ಒಣ ಕಪ್ಪು ಮಣ್ಣು ಬೇಗ ಕಾಯುತ್ತದೆ. ಹಸಿ ನೆಲದಲ್ಲಿ ಬಿಸಿಲೆಲ್ಲ ನೀರು ಆರಿಸೋದಕ್ಕೇ ಹೋಗುತ್ತದೆ.

ಧೈರ್ಯ ಬಂದದ್ದು ಹಗ್ಗ ತುಂಡಾಗುವ ಅಭ್ಯಾಸದಿಂದ. ಸಿಮ್ಯುಲೇಟರ್‌ನಲ್ಲಿ ವಿಂಚ್ ಎಳೆಯುವಾಗ ನನ್ನ ತಮ್ಮ ಪಕ್ಕದಲ್ಲಿ ಕೂತು, ಹೇಳದೆ ಕೇಳದೆ, ಯಾವುದೋ ಎತ್ತರದಲ್ಲಿ ಹಗ್ಗ ಬಿಡುವ ಕೀ ಒತ್ತುತ್ತಾನೆ. ಮೊದಲು ಮೂತಿ ಕೆಳಗೆ. ವೇಗ ಬರುವ ತನಕ ತಿರುಗೋ ಹಾಗಿಲ್ಲ, ಬೇಗ ಕೆಳಗಿಳಿಸುವ ಏರ್‌ಬ್ರೇಕ್ ಮುಟ್ಟೋ ಹಾಗಿಲ್ಲ. ಆಮೇಲೆ ಮುಂದೆ ಜಾಗ ಇದ್ದರೆ ನೇರ ಇಳಿಸೋದು, ಇಲ್ಲದಿದ್ದರೆ ಸುತ್ತಿ ಬರೋದು. ಹಡಪ್ಸರ್‌ನಲ್ಲಿ ಸರ್ ಸುಮ್ನೆ ಹಗ್ಗ ಬಿಟ್ಟು ನೋಡಿದಾಗ ನನ್ನ ಕೈ ಸ್ಟಿಕ್ಕನ್ನು ಆಗಲೇ ಮುಂದಕ್ಕೆ ಒತ್ತಿತ್ತು.

ಇನ್ನೊಂದು ಮಾತು. ಈ ಸಿಮ್ಯುಲೇಟರ್‌ನಲ್ಲಿ ಕ್ಯೂ (Q) ಕೀ ಒತ್ತಿದರೆ ಕಳೆದುಕೊಂಡ ಎತ್ತರ ವಾಪಸ್ ಸಿಗುತ್ತದೆ. ಕಲಿಯುವವರು ಅದರ ತಂಟೆಗೇ ಹೋಗಬೇಡಿ. ಎತ್ತರ ಸಾಲದಿದ್ದರೆ ಹೊಲದಲ್ಲೇ ಇಳಿಸಿ.