ಗೆಳೆಯರ ಜೊತೆ ದೀರ್ಘ ರಜೆ: ಒಂದೇ ಮನೆಯಾ, ಬೇರೆ ಬೇರೆ ರೂಮಾ?

ಎರಡು ರಾತ್ರಿಯ ಪ್ರವಾಸಕ್ಕೆ ಗೆಳೆಯರು ಹೇಗೆ ಉಳಿದುಕೊಂಡರೂ ನಡೆಯುತ್ತದೆ. ಒಂದೇ ರೂಮಿನಲ್ಲಿ ಐದು ಜನ ಮಲಗಿದರೂ ಸರಿ, ನಿದ್ದೆ ಬಾಕಿ ಉಳಿದರೆ ವಾಪಸ್ ಬಂದ ಮೇಲೆ ತೀರಿಸಿಕೊಂಡರಾಯಿತು. ಎರಡು ಮೂರು ವಾರದ ರಜೆ ಹಾಗಲ್ಲ. ಯಾರು ಗೊರಕೆ ಹೊಡೆಯುತ್ತಾರೆ, ಯಾರು ಬೆಳಗ್ಗೆ ಐದಕ್ಕೇ ಎದ್ದು ಪಾತ್ರೆ ಸದ್ದು ಮಾಡುತ್ತಾರೆ, ಯಾರು ಕುಡಿದ ಲೋಟ ಹಾಗೇ ಸಿಂಕಿನಲ್ಲಿ ಬಿಟ್ಟು ಹೋಗುತ್ತಾರೆ ಅನ್ನೋದೆಲ್ಲ ಅಲ್ಲಿ ದಿನಾ ಎದುರಾಗುತ್ತದೆ. ಅದಕ್ಕೇ ಎಲ್ಲಿಗೆ ಹೋಗೋದು ಅನ್ನುವುದಕ್ಕಿಂತ ಮೊದಲು ಹೇಗೆ ಉಳಿಯೋದು ಅಂತ ಕೂತು ಮಾತಾಡಿ ಅನ್ನುತ್ತೇನೆ.

ನಮ್ಮ ಗುಂಪು ಎರಡನ್ನೂ ಮಾಡಿ ನೋಡಿದೆ. ದೊಡ್ಡ ಮನೆಯೊಂದನ್ನು ಬಾಡಿಗೆಗೆ ಹಿಡಿದು ಇಡೀ ರಜೆ ಅಲ್ಲೇ ಕಳೆದಿದ್ದೇವೆ. ಹೋಟೆಲಿನಲ್ಲಿ ಬೇರೆ ಬೇರೆ ರೂಮು ಹಿಡಿದು ಊರಿಂದ ಊರಿಗೆ ಸುತ್ತಿದ್ದೂ ಇದೆ. ಜನ ಅವರೇ, ರಜೆ ಮಾತ್ರ ಬೇರೆಯದೇ ಆಗಿತ್ತು.

ಮನೆಯಲ್ಲಿ ಸಿಗುವ ದೊಡ್ಡ ಲಾಭ ಮಾತು. ಊಟ ಮುಗಿದ ಮೇಲೂ ಯಾರೂ ಏಳುವುದಿಲ್ಲ. ಒಬ್ಬರು ತರಕಾರಿ ಹೆಚ್ಚುತ್ತಿರುತ್ತಾರೆ, ಇನ್ನೊಬ್ಬರು ಕಟ್ಟೆಗೆ ಒರಗಿ ನಿಂತಿರುತ್ತಾರೆ, ವರ್ಷಗಟ್ಟಲೆ ಫೋನಿನಲ್ಲಿ ಹೇಳದೇ ಇದ್ದ ಸಂಗತಿ ಅಲ್ಲಿ ತಾನಾಗಿ ಹೊರಗೆ ಬರುತ್ತದೆ. ಹೋಟೆಲಿನಲ್ಲಿ ಇದು ನನಗೆ ಸಿಗಲೇ ಇಲ್ಲ. ಊಟ ಆಯಿತು, ಲಿಫ್ಟಿನಲ್ಲಿ ಗುಡ್ ನೈಟ್ ಹೇಳಿದೆವು, ಅವರವರ ಬಾಗಿಲು ಮುಚ್ಚಿತು. ಹತ್ತಿರದ ಗೆಳೆಯರ ಜೊತೆ ಅಷ್ಟು ದಿನ ಹೋಗೋದೇ ಈ ಮಾತಿಗೆ, ಅಲ್ವಾ?

ನಿದ್ದೆಯ ವಿಷಯದಲ್ಲಿ ರೂಮೇ ಗೆಲ್ಲುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧ ನಿಜ. ಗೊರಕೆಯಿಂದ ತಪ್ಪಿಸಿಕೊಳ್ಳಬಹುದು ನಿಜ, ಆದರೆ ಎರಡು ದಿನಕ್ಕೊಂದು ಹೋಟೆಲ್ ಬದಲಿಸಿದರೆ ಬೇರೆ ತೊಂದರೆ ಇದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಒಂದು ಭಾಗ ಪೂರ್ತಿ ನಿದ್ದೆಗೆ ಇಳಿಯುವುದಿಲ್ಲ, ಸದ್ದಿಗೆ ಕಿವಿಗೊಟ್ಟೇ ಇರುತ್ತದೆ. ಜಾಗ ಬದಲಿಸುತ್ತಾ ಹೋದಷ್ಟೂ ಇಂಥ ಮೊದಲ ರಾತ್ರಿಗಳು ಜಾಸ್ತಿ. ನಾವು ಸುತ್ತಿದ ರಜೆಯಲ್ಲಿ ಕೊನೆಕೊನೆಗೆ ಎಲ್ಲರೂ ಸಿಡಿಮಿಡಿ ಆಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಒಂದೇ ಮನೆಯಲ್ಲಿ ಉಳಿದಾಗ ಮೂರನೇ ರಾತ್ರಿಯಿಂದ ಎಲ್ಲರಿಗೂ ಗಡದ್ದು ನಿದ್ದೆ.

ಆದರೆ ಮನೆ ಹಿಡಿಯುವಾಗ ಬಾತ್‌ರೂಮು ಎಣಿಸಿ. ಫೋಟೋದಲ್ಲಿ ಎಲ್ಲರೂ ನೋಡೋದು ಹಾಲ್ ಮತ್ತು ಬಾಲ್ಕನಿ. ಆರು ಜನಕ್ಕೆ ಒಂದೇ ಬಾತ್‌ರೂಮು, ಅದರಲ್ಲಿ ಒಂದು ಸಣ್ಣ ಗೀಸರ್ ಇದ್ದರೆ ಮೂರನೆಯವರ ಸ್ನಾನಕ್ಕೇ ನೀರು ತಣ್ಣಗೆ. ಆಮೇಲೆ ಅದು ಕಾಯುವವರೆಗೆ ಉಳಿದವರು ಟವೆಲ್ ಹೆಗಲಿಗೆ ಹಾಕಿಕೊಂಡು ಸೋಫಾದಲ್ಲಿ ಕೂರಬೇಕು, ಹೊರಡುವುದು ಒಂದು ಗಂಟೆ ತಡ. ದಿನಾ ಹೀಗಾದರೆ ಎಂಥ ಗೆಳೆತನಕ್ಕೂ ಕಿರಿಕಿರಿ. ಮೂರು ಜನಕ್ಕೊಂದು ಬಾತ್‌ರೂಮು, ಒಬ್ಬರಿಗೆ ಅಥವಾ ಒಂದು ಜೋಡಿಗೆ ಬಾಗಿಲು ಇರುವ ಒಂದು ಕೋಣೆ. ಇದರಲ್ಲಿ ರಾಜಿ ಬೇಡ. ಹಾಲಿನ ಸೋಫಾವನ್ನೂ ಮಂಚದ ಲೆಕ್ಕಕ್ಕೆ ಸೇರಿಸಿ 'ಎಂಟು ಜನ ಮಲಗಬಹುದು' ಅಂತ ಬರೆದಿರುತ್ತಾರೆ. ಹಾಲಿನಲ್ಲಿ ಮಲಗುವವರಿಗೆ ಎಲ್ಲರೂ ಮಲಗುವವರೆಗೆ ನಿದ್ದೆ ಇಲ್ಲ, ಮೊದಲನೆಯವರು ಎದ್ದ ಮೇಲೂ ಇಲ್ಲ.

ಎಷ್ಟು ಜನ ಅನ್ನೋದರ ಮೇಲೂ ಇದು ನಿಂತಿದೆ. ನಾಲ್ವರು ಇದ್ದರೆ ಒಬ್ಬರಿಗೊಬ್ಬರು ಹೊಂದಬೇಕಾದ ಜೋಡಿ 6. ಎಂಟು ಜನ ಆದರೆ 28. ಬ್ರಿಟನ್ನಿನ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಮತ್ತು ಜೊತೆಗಾರರು 1995ರಲ್ಲೇ ತೋರಿಸಿದ ಹಾಗೆ ಒಂದೇ ಮಾತುಕತೆಯಲ್ಲಿ ಸುಮಾರು ನಾಲ್ಕು ಜನ ಹಿಡಿಸುತ್ತಾರೆ, ಅದಕ್ಕಿಂತ ಹೆಚ್ಚಾದರೆ ಮಾತು ತಾನಾಗಿಯೇ ಎರಡಾಗಿ ಒಡೆಯುತ್ತದೆ. ಹಾಗಾಗಿ ಆರು ಜನದವರೆಗೆ ನನ್ನ ಓಟು ಮನೆಗೆ. ಅದಕ್ಕಿಂತ ದೊಡ್ಡ ಗುಂಪಾದರೆ ರೂಮು, ಇಲ್ಲವೇ ಅಕ್ಕಪಕ್ಕದ ಎರಡು ಮನೆ.

ಇನ್ನು ಎಲ್ಲಾ ಕಡೆ ಎಲ್ಲರೂ ಒಟ್ಟಿಗೇ ಹೋಗಬೇಕಾ? ಮನೆಯಲ್ಲಿ ಉಳಿದಾಗ ಈ ಒತ್ತಾಯ ತಾನಾಗಿ ಹುಟ್ಟಿಕೊಳ್ಳುತ್ತದೆ. ಜೆರ್ರಿ ಹಾರ್ವೆ ಅನ್ನುವವರು 1974ರಲ್ಲಿ ಬರೆದ ಒಂದು ಪ್ರಸಂಗ ಇದೆ. ಟೆಕ್ಸಸ್‌ನಲ್ಲಿ ಒಂದು ಸುಡು ಮಧ್ಯಾಹ್ನ, ಮನೆಯವರಲ್ಲಿ ಒಬ್ಬರು ದೂರದ ಅಬಿಲೀನ್‌ಗೆ ಹೋಗಿ ಊಟ ಮಾಡೋಣ ಅನ್ನುತ್ತಾರೆ, ಉಳಿದವರೆಲ್ಲ ಹೂಂ ಅನ್ನುತ್ತಾರೆ. ಏಸಿ ಇಲ್ಲದ ಕಾರಿನಲ್ಲಿ ಬೆಂದು ವಾಪಸ್ ಬಂದ ಮೇಲೆ ಗೊತ್ತಾಗೋದು, ಹೋಗೋಕೆ ಯಾರಿಗೂ ಮನಸ್ಸೇ ಇರಲಿಲ್ಲ. ಹತ್ತಿರದ ಗೆಳೆಯರಲ್ಲಿ ಇದು ಜಾಸ್ತಿ, ಯಾಕಂದ್ರೆ ಬೇಜಾರು ಮಾಡಬಾರದು ಅಂತ ಎಲ್ಲರೂ 'ಏನಾದರೂ ಸರಿ' ಅನ್ನುತ್ತಾರೆ. ದಿನಕ್ಕೆ ಒಂದೇ ಒಂದು ಕಾರ್ಯಕ್ರಮ ಎಲ್ಲರದ್ದು, ಉಳಿದ ಹೊತ್ತು ಅವರವರ ಇಷ್ಟ ಅಂತ ಮೊದಲೇ ಹೇಳಿಕೊಂಡರೆ ಮನೆಯಲ್ಲೂ ಉಸಿರಾಡಲು ಜಾಗ ಸಿಗುತ್ತದೆ. ಇದರ ಮೇಲೆ ಒಂದು ಇಡೀ ದಿನ ಎಲ್ಲರೂ ಬೇರೆ ಬೇರೆ. ಅದನ್ನು ಎರಡನೇ ವಾರದ ಶುರುವಿಗೆ ಇಡಿ. ದೀರ್ಘ ರಜೆಯ ಬಗ್ಗೆ 2013ರಲ್ಲಿ ಬಂದ ಡಚ್ ಅಧ್ಯಯನವೊಂದರಲ್ಲಿ ರಜೆಯ ಲವಲವಿಕೆ ಎಂಟನೇ ದಿನದ ಹೊತ್ತಿಗೆ ತುದಿ ಮುಟ್ಟಿತ್ತು. ನಮ್ಮಲ್ಲೂ ಬೇಸರ, ಸಣ್ಣ ಮುನಿಸು ತಲೆ ಎತ್ತಿದ್ದು ಆಮೇಲೇ. ಒಂದು ದಿನ ದೂರ ಇದ್ದು ರಾತ್ರಿ ಊಟಕ್ಕೆ ಸೇರಿದಾಗ ಹೇಳೋಕೆ ಎಲ್ಲರ ಹತ್ತಿರವೂ ಹೊಸ ಸುದ್ದಿ ಇತ್ತು.

ದುಡ್ಡಿನ ಲೆಕ್ಕದಲ್ಲಿ ಎರಡು ದಾರಿ. ಎಲ್ಲರೂ ಸಮನಾಗಿ ಹಾಕಿ ಒಬ್ಬರ ಕೈಲಿ ಇಡುವ ಒಟ್ಟು ಹಣ ಒಂದು, 2011ರಲ್ಲಿ ಶುರುವಾದ ಸ್ಪ್ಲಿಟ್‌ವೈಸ್‌ನಂಥ ಆ್ಯಪ್ ಇನ್ನೊಂದು. ಆ್ಯಪ್ ಜಾಣ. ನಾನು ನಿಮಗೆ, ನೀವು ಮೂರನೆಯವರಿಗೆ ಅಷ್ಟೇ ಕೊಡಬೇಕಾಗಿದ್ದರೆ ನಾನು ನೇರ ಅವರಿಗೇ ಕೊಟ್ಟರೆ ಸಾಕು ಅಂತ ಲೆಕ್ಕ ಚಿಕ್ಕದು ಮಾಡಿ ಕೊಡುತ್ತದೆ. ಆದರೆ ಎಲ್ಲರೂ ಎದ್ದು ಬಾಗಿಲ ಹತ್ತಿರ ನಿಂತಿರುವಾಗ ಒಬ್ಬರೇ ಮೇಜಿನಲ್ಲಿ ಕೂತು ಬಿಲ್ಲಿನ ಸಾಲು ಸಾಲು ಒತ್ತುತ್ತಿರುವುದನ್ನು ದಿನಕ್ಕೆ ನಾಲ್ಕು ಸಲ ನೋಡಿದ ಮೇಲೆ ನನಗೆ ಅದು ಸಾಕಾಯಿತು. ಮನೆಯ ಸಾಮಾನು, ಪೆಟ್ರೋಲು, ಪಾರ್ಕಿಂಗಿಗೆ ಒಟ್ಟು ಹಣವೇ ಸರಿ. ಮನೆ ಬಾಡಿಗೆ, ಟಿಕೆಟ್‌ನಂಥ ದೊಡ್ಡ ಖರ್ಚು ಆ್ಯಪ್‌ನಲ್ಲಿ ಇರಲಿ. ಕುಡಿಯುವವರ ಬಿಲ್ಲು ಕುಡಿಯದವರ ತಲೆಗೆ ಬರದ ಹಾಗೆ ನೋಡಿಕೊಳ್ಳಿ, ಅವರು ಬಾಯಿಬಿಟ್ಟು ಕೇಳುವುದಿಲ್ಲ.

ಗಾಡಿ ಬಗ್ಗೆ ಒಂದೇ ಮಾತು. ಏಳು ಸೀಟಿನ ಗಾಡಿಯಲ್ಲಿ ಏಳು ಜನ ಕೂತರೆ ಹಿಂದೆ ಲಗೇಜಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಎರಡು ಸಣ್ಣ ಕಾರು ತಗೊಳ್ಳಿ, ಬೇರೆ ಬೇರೆ ಕಡೆ ಹೋಗಲೂ ಅನುಕೂಲ.

ರೂಮಿನ ಪರವಾಗಿ ಒಂದು ಗಟ್ಟಿ ಅಂಶ ಇದೆ, ಬುಕ್ ಮಾಡುವ ಮುಂಚೆ ಯಾರೂ ಅದನ್ನು ಎತ್ತುವುದಿಲ್ಲ. ಕೊನೇ ಗಳಿಗೆಯಲ್ಲಿ ಒಬ್ಬರು ಬರೋಕಾಗಲ್ಲ ಅಂದರೆ ಅವರ ರೂಮು ಮಾತ್ರ ರದ್ದು. ಮನೆಯಾದರೆ ಅವರ ಪಾಲು ಉಳಿದವರ ಮೇಲೆ ಬೀಳುತ್ತದೆ. ಹಾಗಾಗಿ ಮುಂಗಡ ಕೊಡುವ ಮೊದಲೇ ಯಾವ ತಾರೀಖಿನ ನಂತರ ಹಿಂದೆ ಸರಿದರೆ ಪಾಲು ಕೊಡಲೇಬೇಕು ಅನ್ನೋದನ್ನು ಗುಂಪಿನಲ್ಲಿ ಬರೆದು ಹಾಕಿ, ಪ್ರತಿಯೊಬ್ಬರಿಂದಲೂ ಒಪ್ಪಿಗೆ ತಗೊಳ್ಳಿ.