ಸೈಕಲ್ ಸಾಕ್ಸಿಗೆ 500 ರೂಪಾಯಿ ಕೊಡಬೇಕಾ? ಕಲಬುರಗಿ ಬಿಸಿಲಲ್ಲಿ ನಾಲ್ಕು ಬಗೆ ಹಾಕಿ ನೋಡಿದ್ದು

ನಮ್ಮ ಕಲಬುರಗಿಯಲ್ಲಿ ಸೈಕಲ್ ತುಳಿಯುವವರ ಕಾಲಲ್ಲಿ ಹೆಚ್ಚಾಗಿ ಕಾಣುವುದು ಚಪ್ಪಲಿ. ಅಂಥ ಊರಲ್ಲಿ ಸೈಕಲ್ಲಿಗೇ ಅಂತ ಬೇರೆ ಸಾಕ್ಸ್ ಇದೆ ಅಂದರೆ ಜನ ನಗುತ್ತಾರೆ. ಬೆಲೆ ಕೇಳಿದ ಗೆಳೆಯನೊಬ್ಬ, "ಕಾಲುಚೀಲಕ್ಕ ಐನೂರಾ? ಅಷ್ಟ ರೊಕ್ಕಕ್ಕ ಚಪ್ಪಲ್ ಬರ್ತಾವಲ್ಲೋ!" ಅಂದ. ಅವನ ಮಾತಲ್ಲಿ ನ್ಯಾಯ ಇದೆ. ಆದರೂ ಶನಿವಾರ, ಭಾನುವಾರ ಉದ್ದ ರೈಡ್ ಹೋಗುವ ನಮ್ಮಂಥವರಿಗೆ ಇದು ನಿಜವಾದ ಪ್ರಶ್ನೆಯೇ.

ನಾನು ಹೋಲಿಸಿದ್ದು ಹೀಗೆ. ಎಡಗಾಲಿಗೆ ಒಂದು ಬಗೆ, ಬಲಗಾಲಿಗೆ ಇನ್ನೊಂದು. ಮುಂದಿನ ಸಲ ಅದಲು ಬದಲು, ಯಾಕಂದರೆ ನನ್ನ ಬಲಪಾದ ಸ್ವಲ್ಪ ಅಗಲ. ಒಂದು ರೈಡಿನಲ್ಲಿ ಎರಡೂ ಕಾಲಿಗೆ ಶೂ ಮಾತ್ರ ಒಂದೇ ಬಗೆಯದು. ದಾರಿ ಎರಡು: ಸೇಡಂ ರಸ್ತೆ ಹಿಡಿದು ಮಳಖೇಡದ ತನಕ, ಇಲ್ಲವೇ ಹುಮನಾಬಾದ್ ಕಡೆ ಕಮಲಾಪುರದ ತನಕ. ಮಳಖೇಡ ದಾರಿಯಲ್ಲಿ ಸಿಮೆಂಟ್ ಲಾರಿಗಳ ಧೂಳು ಜಾಸ್ತಿ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಸಿಗುತ್ತದೆ, ಹಾಗಾಗಿ ನನ್ನ ಒಲವು ಯಾವ ಕಡೆ ಅಂತ ಹೇಳಬೇಕಾಗಿಲ್ಲ.

ಮೊದಲು ಬಜಾರಿನ ಹತ್ತಿ ಸಾಕ್ಸ್. ಗಾಡಿ ಮೇಲೆ ರಾಶಿ ಹಾಕಿ, ನೂರು ರೂಪಾಯಿಗೆ ಮೂರು ಜೊತೆ ಅಂತ ಮಾರುತ್ತಾರಲ್ಲ, ಅದು. ಮೊದಲ ಅರ್ಧ ಗಂಟೆ ಇದರಷ್ಟು ಹಿತ ಇನ್ನೊಂದಿಲ್ಲ. ಆಮೇಲೆ ಶುರುವಾಗುತ್ತದೆ ಕಥೆ. ಹತ್ತಿ ಬೆವರನ್ನು ಹೀರುತ್ತದೆ, ಆದರೆ ಬಿಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆಲ್ಲ ಡಾಂಬರು ಕಾದಿರುತ್ತದೆ, ಶೂ ಒಳಗೆ ಪಾದ ನೆನೆದಿರುತ್ತದೆ. ನೆನೆದ ಚರ್ಮ ಮೆತ್ತಗಾಗುತ್ತದೆ, ಬಟ್ಟೆಯ ತಿಕ್ಕಾಟ ಹೆಚ್ಚುತ್ತದೆ, ಕಿರುಬೆರಳ ಬದಿಗೆ ಗುಳ್ಳೆ ಏಳುತ್ತದೆ. ಬೆರಳ ಮೇಲಿನ ದಪ್ಪ ಹೊಲಿಗೆ ಬೇರೆ ಒತ್ತುತ್ತದೆ. ಇದಲ್ಲದೆ ನಮ್ಮ ಬೋರ್‌ವೆಲ್ಲಿನ ಸವಳು ನೀರಲ್ಲಿ ನಾಲ್ಕಾರು ಸಲ ಒಗೆದರೆ ಹತ್ತಿ ಸಾಕ್ಸ್ ಸೆಟೆದು ಹಪ್ಪಳದಂತಾಗುತ್ತದೆ. ಹಾಗಂತ ಎಸೆಯಬೇಡಿ. ಸೂಪರ್ ಮಾರ್ಕೆಟ್ ತನಕ ಹೋಗಿ ಬರಲು, ಆಫೀಸಿಗೆ ಹೋಗಲು ಇದೇ ಸಾಕು.

ಎರಡನೆಯದು ಓಟಕ್ಕೆ, ಬ್ಯಾಡ್ಮಿಂಟನ್‌ಗೆ ಹಾಕುವ ಸ್ಪೋರ್ಟ್ಸ್ ಸಾಕ್ಸ್. ಒಂದು ಜೊತೆ 150 ರೂಪಾಯಿ ಆಸುಪಾಸಿಗೆ ಸಿಕ್ಕಿತು. ಇಲ್ಲೇ ನನಗೆ ದೊಡ್ಡ ವ್ಯತ್ಯಾಸ ಕಂಡದ್ದು. ಪಾಲಿಯೆಸ್ಟರ್ ನೂಲು ತನ್ನ ತೂಕದ ನೂರರಲ್ಲಿ ಒಂದು ಪಾಲಿನಷ್ಟೂ ನೀರು ಹೀರುವುದಿಲ್ಲ. ಬೆವರು ನೂಲುಗಳ ಸಂದಿಯಲ್ಲಿ ಹೊರಮೈಗೆ ಹರಿದು ಆರಿಹೋಗುತ್ತದೆ. ಒಂದು ಕಾಲಿಗೆ ಹತ್ತಿ, ಇನ್ನೊಂದಕ್ಕೆ ಇದು ಹಾಕಿಕೊಂಡು ಹೋದ ದಿನ, ಕಮಲಾಪುರದಲ್ಲಿ ಶೂ ಬಿಚ್ಚಿದರೆ ಒಂದು ಸಾಕ್ಸ್ ಹಿಂಡುವಂತಿತ್ತು. ಇನ್ನೊಂದು ಬರೀ ತುಸು ತಂಪಾಗಿತ್ತು.

ಕೊರತೆ ಇಲ್ಲ ಅಂತಲ್ಲ. ಓಡುವವನ ಹಿಮ್ಮಡಿ ನೆಲಕ್ಕೆ ಬಡಿಯುತ್ತದೆ, ಅದಕ್ಕೆ ಅಡಿಯಲ್ಲಿ ಟವೆಲ್ ಥರದ ದಪ್ಪ ಹೆಣಿಗೆ ಇಟ್ಟಿರುತ್ತಾರೆ. ಪೆಡಲ್ ತುಳಿಯುವಾಗ ಹಿಮ್ಮಡಿಗೆ ಆ ಪೆಟ್ಟೇ ಇಲ್ಲ. ಆ ದಪ್ಪ ಸುಮ್ನೆ ಸೆಕೆ ಕೂಡಿಸುತ್ತದೆ, ಬಿಗಿ ಶೂ ಇದ್ದರೆ ಇನ್ನಷ್ಟು ಬಿಗಿಮಾಡುತ್ತದೆ. ಗಿಡ್ಡ ಸಾಕ್ಸ್ ಆದರೆ ಜಾರಿ ಹಿಮ್ಮಡಿ ಕೆಳಗೆ ಸೇರಿಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ತೊಗರಿ ಹೊಲದ ಬದುವಿಗೆ ಇಳಿದರಂತೂ ಟವೆಲ್ ಹೆಣಿಗೆಗೆ ಉತ್ತರಾಣಿ ಬೀಜ ಅಂಟಿಕೊಂಡು ಬಿಡಿಸಲು ಸಾಕಾಗುತ್ತದೆ.

ಇನ್ನು 500 ರೂಪಾಯಿಯ ಸೈಕ್ಲಿಂಗ್ ಸಾಕ್ಸ್. ನೈಲಾನ್, ಪಾಲಿಯೆಸ್ಟರ್, ಸ್ವಲ್ಪ ಇಲಾಸ್ಟೇನ್ ಅನ್ನುವ ಹಿಗ್ಗುವ ನೂಲು. ಕೈಗೆ ತಗೊಂಡರೆ ಏನೂ ಇಲ್ಲವೇನೋ ಅನ್ನುವಷ್ಟು ತೆಳು. ಮೇಲ್ಭಾಗದಲ್ಲಿ ಜಾಳಿಗೆ, ಪಾದದ ನಡುವೆ ಬಿಗಿ ಪಟ್ಟಿ, ಬೆರಳ ಹೊಲಿಗೆ ಚಪ್ಪಟೆ, ಎಡ ಬಲ ಅಂತ ಗುರುತು. ಸಾಧಾರಣ ಶೂ ಹಾಕಿದಾಗ ಸ್ಪೋರ್ಟ್ಸ್ ಸಾಕ್ಸಿಗೂ ಇದಕ್ಕೂ ನನಗೆ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಗಟ್ಟಿ ಅಟ್ಟೆಯ, ಪೆಡಲ್‌ಗೆ ಸಿಕ್ಕಿಸುವ ಸೈಕ್ಲಿಂಗ್ ಶೂ ಹಾಕಿದಾಗ ಮಾತ್ರ ಇದರ ಗುಣ ಗೊತ್ತಾಗುತ್ತದೆ. ಆ ಶೂ ಹಿಗ್ಗುವುದಿಲ್ಲ. ಬಿಸಿಲಿಗೆ ಪಾದ ಊದಿಕೊಂಡಾಗ ಒಳಗೆ ಉಳಿಯುವ ಜಾಗ ಸಾಕ್ಸಿನ ದಪ್ಪದ ಮೇಲೆ ನಿಂತಿರುತ್ತದೆ. ದಪ್ಪ ಸಾಕ್ಸ್ ಹಾಕಿದ ಕಾಲು ಮಳಖೇಡದಿಂದ ಮರಳುವಾಗ ಜೋಮು ಹಿಡಿಯಿತು. ತೆಳು ಸಾಕ್ಸ್ ಹಾಕಿದ ಕಾಲಿಗೆ ಏನೂ ಆಗಲಿಲ್ಲ. ಆದರೆ ಶೂ ನಿಮ್ಮ ಅಳತೆಯದ್ದೇ ಅಲ್ಲದಿದ್ದರೆ ಯಾವ ಸಾಕ್ಸೂ ಕಾಪಾಡುವುದಿಲ್ಲ.

ಇದರ ಬಾಳಿಕೆ ಮಾತ್ರ ಕಡಿಮೆ. ಹೆಬ್ಬೆರಳ ಉಗುರು ಸ್ವಲ್ಪ ಬೆಳೆದಿದ್ದರೂ ತೂತು ಬಿದ್ದಂತೆಯೇ. ಬಿಳಿ ಬಣ್ಣ ಬೇಡವೇ ಬೇಡ. ಚೈನಿನ ಮಸಿ, ಎರೆ ಮಣ್ಣು ಎರಡೂ ಹೋಗುವುದಿಲ್ಲ.

ಗಾಳಿ ಸೀಳುವ ಗೀರು ಬಟ್ಟೆಯ ಉದ್ದ ಸಾಕ್ಸೂ ಮಾರುತ್ತಾರೆ. ರೇಸಿನವರಿಗೆ ಅದರಿಂದ ಲಾಭ ಇದೆ, ಸುಳ್ಳಲ್ಲ. ಅದಕ್ಕೇ ಅಲ್ವಾ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಸಾಕ್ಸಿನ ಎತ್ತರಕ್ಕೂ ನಿಯಮ ಮಾಡಿದ್ದು? ಪಾದದ ಗಂಟಿಗೂ ಮೊಣಕಾಲಿನ ಕೆಳಗಿನ ಎಲುಬಿನ ತುದಿಗೂ ನಡುವಿನ ಅಂತರದ ಅರ್ಧಕ್ಕಿಂತ ಮೇಲೆ ಹೋಗಬಾರದು ಅಂತ. ಅಧಿಕಾರಿಗಳು ಅಳತೆಪಟ್ಟಿ ಹಿಡಿದು ನೋಡುತ್ತಾರೆ. ಟಿಫಿನ್ ಚೀಲ ಕಟ್ಟಿಕೊಂಡು ಗಂಟೆಗೆ 20 ಕಿ.ಮೀ. ಹೋಗುವ ನನಗೆ ಇದರಿಂದ ಏನಾಗಬೇಕು?

ಕೊನೆಯದು ಮೆರಿನೊ ಅನ್ನುವ ತಳಿಯ ಕುರಿಯ ಉಣ್ಣೆ. ಬೆಲೆ 900 ರೂಪಾಯಿ ದಾಟಿತು. ಉಣ್ಣೆ ಅಂದ ಕೂಡಲೇ ನಮಗೆ ದಖ್ಖನಿ ಕುರಿಯ ಕಂಬಳಿ ನೆನಪಾಗುತ್ತದೆ. ಆ ಚುಚ್ಚು ಇದರಲ್ಲಿಲ್ಲ, ಎಳೆ ಬಹಳ ಸಣ್ಣದು. ತನ್ನ ತೂಕದ ಹೆಚ್ಚುಕಡಿಮೆ ಮೂರನೇ ಒಂದು ಪಾಲಿನಷ್ಟು ನೀರಾವಿ ಹೀರಿದರೂ ಒದ್ದೆ ಅನ್ನಿಸುವುದಿಲ್ಲ. ಇದರ ನಿಜವಾದ ಗುಣ ವಾಸನೆ ಹಿಡಿಯದಿರುವುದು. ಬೆವರಿದ ಪಾಲಿಯೆಸ್ಟರ್ ಸಾಕ್ಸ್ ಸಂಜೆಗೆಲ್ಲ ಮನೆಯವರನ್ನು ಓಡಿಸುತ್ತದೆ. ಮೆರಿನೊ ಮರುದಿನ ಹಾಕಿದರೂ ಸುಮ್ಮನಿರುತ್ತದೆ. ಡಿಸೆಂಬರ್‌ನಲ್ಲಿ ಬೀದರಿಗೆ ಹೋಗಿ, ಕೋಟೆ ಸುತ್ತಮುತ್ತ ಬೆಳಗಿನ ಜಾವ ತುಳಿದಾಗ ಉಳಿದ ಮೂರಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಮೇ ತಿಂಗಳ ಕಲಬುರಗಿಗೆ ಮಾತ್ರ ಇದು ದುಬಾರಿ. ತೆಳು ಪಾಲಿಯೆಸ್ಟರಿಗಿಂತ ನಿಧಾನ ಆರುತ್ತದೆ. ಬಿಸಿ ನೀರಿಗೆ ಹಾಕಿದರೆ ಕುಗ್ಗುತ್ತದೆ, ಪರಸಿ ಕಲ್ಲಿನ ಮೇಲೆ ಕುಸುಬಿ ಒಗೆದರೆ ಬೇಗ ಸವೆಯುತ್ತದೆ. ನಮ್ಮ ಮನೆಯಲ್ಲಿ ಇದನ್ನು ನಾನೇ ಕೈಯಲ್ಲಿ ಹಿಂಡಿ ಒಣಹಾಕುತ್ತೇನೆ.

ಹಾಗಾದರೆ ದುಡ್ಡು ಎಲ್ಲಿ ಹಾಕುವುದು? ಸಾಧಾರಣ ಶೂ ಹಾಕಿ ತುಳಿಯುವವರು 150 ರೂಪಾಯಿಯ ಸ್ಪೋರ್ಟ್ಸ್ ಸಾಕ್ಸಿನಲ್ಲೇ ತೆಳುವಾದ, ಪಾದದ ಗಂಟು ಮುಚ್ಚುವ ಜೊತೆ ಹುಡುಕಿಕೊಳ್ಳಿ. ಉಳಿದ ದುಡ್ಡನ್ನು ಪ್ಯಾಡ್ ಇರುವ ಚಡ್ಡಿಗೆ ಸೇರಿಸಿ, ಅದರ ಸುಖವೇ ಬೇರೆ. ಸೈಕ್ಲಿಂಗ್ ಶೂ ಇದ್ದು ಎರಡು ಗಂಟೆ ಮೀರಿ ತುಳಿಯುವವರಿಗೆ ಸೈಕ್ಲಿಂಗ್ ಸಾಕ್ಸ್ ಎರಡು ಜೊತೆ ಸಾಕು. ಕೊಳ್ಳುವಾಗ ಹೆಸರು ನೋಡಬೇಡಿ. ಒಳಮಗ್ಗುಲು ಹೊರಳಿಸಿ ಬೆರಳ ಹೊಲಿಗೆ ಮುಟ್ಟಿ ನೋಡಿ, ಲೇಬಲ್ಲಿನಲ್ಲಿ ಹತ್ತಿ ಎಷ್ಟಿದೆ ಓದಿ. ಎರಡು ಸೈಜಿನ ನಡುವೆ ಬಂದರೆ ಚಿಕ್ಕದನ್ನೇ ತಗೊಳ್ಳಿ. ದೊಡ್ಡದು ಬೆರಳ ಬುಡದಲ್ಲಿ ಮಡಚಿಕೊಂಡು ಅಲ್ಲೇ ಗುಳ್ಳೆ ಎಬ್ಬಿಸುತ್ತದೆ.