ಯಾವ ಬ್ರೆಡ್, ಯಾವ ಮೊಸರು? ನೋವಾ ಲೆಕ್ಕದಲ್ಲಿ ನೋಡಿದರೆ

ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ ತಂಡ ರೂಪಿಸಿದ ನೋವಾ ಪದ್ಧತಿಯಲ್ಲಿ, ಎಷ್ಟು ಸಂಸ್ಕರಿಸಿದ್ದಾರೆ ಅನ್ನುವುದರ ಮೇಲೆ ಆಹಾರಕ್ಕೆ 4 ಗುಂಪು. ಹಣ್ಣು, ಹಾಲು, ಕಾಳು 1ರಲ್ಲಿ. ಎಣ್ಣೆ, ಉಪ್ಪು, ಸಕ್ಕರೆ 2ರಲ್ಲಿ. ಇಲ್ಲಿವರೆಗೆ ಗೊಂದಲವಿಲ್ಲ. ತಲೆ ಕೆಡುವುದು 3 (ಸಂಸ್ಕರಿಸಿದ್ದು), 4ರ (ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ್ದು) ನಡುವೆ.

ಬ್ರೆಡ್ಡನ್ನೇ ತೆಗೆದುಕೊಳ್ಳಿ. ಹಿಟ್ಟು, ನೀರು, ಉಪ್ಪು, ಯೀಸ್ಟ್ ಇಷ್ಟೇ ಇದ್ದರೆ 3. ಅದಕ್ಕೇ ಎಮಲ್ಸಿಫೈಯರ್ (ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥ) ಸೇರಿದರೆ 4. ನೋಡೋಕೆ ಎರಡೂ ಒಂದೇ ಥರ. ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರವೇ ಗತಿ. ಮೊಸರಿನಲ್ಲಿ ಅಂತರ ಇನ್ನೂ ಜಾಸ್ತಿ: ಬರೀ ಮೊಸರು 1, ಬಣ್ಣ, ಫ್ಲೇವರ್ ಹಾಕಿದ ಕಪ್ ನೇರ 4.

ಹಾಗಂತ 4ರಲ್ಲಿರುವುದೆಲ್ಲ ವಿಷವಲ್ಲ. ಇಡೀ ಗೋಧಿಯ ಪ್ಯಾಕೆಟ್ ಬ್ರೆಡ್ಡೂ ಕೋಲಾನೂ ಒಂದೇ ಗುಂಪು ಅಂದರೆ ಹೇಗೆ? ಇದು ನನಗೆ ಒಪ್ಪಿಗೆಯಿಲ್ಲ. ಆದರೆ 2019ರ ಅಮೆರಿಕದ ಪ್ರಯೋಗವೊಂದರಲ್ಲಿ 20 ಜನ, ಎರಡು ವಾರ 4ನೇ ಗುಂಪಿನ ಊಟ ಕೊಟ್ಟಾಗ, ಕಡಿಮೆ ಸಂಸ್ಕರಿಸಿದ ಊಟಕ್ಕೆ ಹೋಲಿಸಿದರೆ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ ಅಲ್ವಾ?

ದಿನಾ ತಿನ್ನುವುದಾದರೆ ಬರೀ ಮೊಸರು ತಂದು ಹಣ್ಣು ನೀವೇ ಹೆಚ್ಚಿ ಹಾಕಿ. ಬ್ರೆಡ್ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. ನಾರು ಜಾಸ್ತಿ, ಸಕ್ಕರೆ ಕಡಿಮೆ ಇದ್ದರೆ 4 ಆದರೂ ನಡೆಯುತ್ತದೆ.